ಸಮ್ಮೇಳನ ಮಂಗಳೂರಿನಲ್ಲಿ, ವಸತಿ ಎಲ್ಲಿ?

ವಿಚಾರ ಸಂಕಿರಣದ ಆಮಂತ್ರಣ ಪತ್ರಿಕೆ ಕೈಗೆ ಬಂದಾಗ ಎಲ್ಲರೂ ಮೊದಲು ಓದುವುದು ವಿಷಯ, ದಿನಾಂಕ ಹಾಗೂ ಪ್ರಬಂಧ ಕಳುಹಿಸಲು ಕೊನೆಯ ದಿನ. ನೋಂದಣಿ ಶುಲ್ಕದ ವಿವರಗಳ ಕೆಳಗೆ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುವ ಇನ್ನೊಂದು ಸಾಲು ಸಾಮಾನ್ಯವಾಗಿ ಕಣ್ತಪ್ಪುತ್ತದೆ. ವಸತಿ ವ್ಯವಸ್ಥೆಯನ್ನು ಪ್ರತಿನಿಧಿಗಳೇ ಸ್ವಂತ ಖರ್ಚಿನಲ್ಲಿ ಮಾಡಿಕೊಳ್ಳತಕ್ಕದ್ದು ಎಂಬುದು ಆ ಸಾಲಿನ ತಾತ್ಪರ್ಯ. ಖಾಯಂ ಹುದ್ದೆಯಲ್ಲಿರುವ ಪ್ರಾಧ್ಯಾಪಕರಿಗೆ ಇದು ದೊಡ್ಡ ಸಂಗತಿಯಲ್ಲ. ಆದರೆ ಶಿಷ್ಯವೇತನವನ್ನೇ ನಂಬಿರುವ ಸಂಶೋಧನಾ ವಿದ್ಯಾರ್ಥಿಗೆ, ತಿಂಗಳ ಸಂಬಳದ ಖಾತ್ರಿಯಿಲ್ಲದ ಅತಿಥಿ ಉಪನ್ಯಾಸಕಿಗೆ ಪ್ರಬಂಧ ಮಂಡಿಸಲು ಹೋಗಬೇಕೇ ಬೇಡವೇ ಎಂಬುದನ್ನು ನಿರ್ಧರಿಸುವುದೇ ಆ ಸಾಲು.

ಕರಾವಳಿಯ ವಿದ್ಯಾಕೇಂದ್ರವೆನಿಸಿದ ಮಂಗಳೂರಿನಲ್ಲಿ ಈ ಪ್ರಶ್ನೆಗೆ ಮತ್ತೊಂದು ತೊಡಕೂ ಸೇರಿಕೊಳ್ಳುತ್ತದೆ. ಆಮಂತ್ರಣದಲ್ಲಿ 'ಮಂಗಳೂರು' ಎಂದಿದ್ದ ಮಾತ್ರಕ್ಕೆ ಸಮ್ಮೇಳನ ಮಂಗಳೂರು ನಗರದಲ್ಲಿಯೇ ನಡೆಯುತ್ತದೆ ಎಂದು ಭಾವಿಸುವಂತಿಲ್ಲ. ಊರಿನ ಹೆಸರನ್ನಷ್ಟೇ ನೋಡಿ ಹಂಪನಕಟ್ಟೆಯಲ್ಲಿ ಕೊಠಡಿ ಕಾಯ್ದಿರಿಸಿದವರು, ಸಭಾಂಗಣ ಇಪ್ಪತ್ತು ಕಿಲೋಮೀಟರ್ ಆಚೆ ಇದೆ ಎಂಬುದನ್ನು ಅರಿಯುವುದು ಮೊದಲ ಗೋಷ್ಠಿಯ ಬೆಳಿಗ್ಗೆಯೇ. ಆದ್ದರಿಂದ ಇಲ್ಲಿ ವಸತಿ ಹುಡುಕುವ ಕೆಲಸ ಬಾಡಿಗೆಯ ವಿಚಾರಣೆಯಿಂದಲ್ಲ, ನಕ್ಷೆಯಿಂದ ಆರಂಭವಾಗಬೇಕು.

ಒಂದೇ ಹೆಸರು, ಹಲವು ಊರು

ಮಂಗಳೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದು 1980ರಲ್ಲಿ. ಅದಕ್ಕೆ ಮೊದಲು ಅದು ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿತ್ತು. ಅದರ ಆವರಣವಾದ ಮಂಗಳಗಂಗೋತ್ರಿ ಇರುವುದು ಕೊಣಾಜೆಯಲ್ಲಿ, ನಗರದ ಮಧ್ಯಭಾಗದಿಂದ ಸುಮಾರು 20 ಕಿ.ಮೀ. ದೂರದಲ್ಲಿ. ಆದರೆ ಅದೇ ವಿಶ್ವವಿದ್ಯಾನಿಲಯದ ಘಟಕವಾದ 'ವಿಶ್ವವಿದ್ಯಾನಿಲಯ ಕಾಲೇಜು' ನಗರದ ಹೃದಯವೆನಿಸಿದ ಹಂಪನಕಟ್ಟೆಯಲ್ಲಿದೆ. ಎರಡೂ ಕಡೆ ವಿಚಾರ ಸಂಕಿರಣಗಳು ನಡೆಯುತ್ತವೆ. ಹೆಸರಿನಲ್ಲಿ 'ಕಾಲೇಜು' ಎಂಬ ಒಂದು ಪದದ ವ್ಯತ್ಯಾಸ, ಪ್ರಯಾಣದಲ್ಲಿ ಒಂದು ಗಂಟೆಯ ವ್ಯತ್ಯಾಸ.

ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಕತೆಯೂ ಇಂಥದ್ದೇ. ಒಂದೇ ಹೆಸರಿನ ಕಾಲೇಜು ಮಣಿಪಾಲದಲ್ಲಿಯೂ ಇದೆ, ಮಂಗಳೂರಿನಲ್ಲಿಯೂ ಇದೆ. ಇವೆರಡರ ನಡುವಿನ ಅಂತರ 60 ಕಿ.ಮೀ.ಗಿಂತ ಹೆಚ್ಚು. 'ನಿಟ್ಟೆ' ಎಂಬ ಹೆಸರು ಕಂಡಾಗಲೂ ಎಚ್ಚರ ಅಗತ್ಯ. ನಿಟ್ಟೆ ಎಂಬುದು ಕಾರ್ಕಳ ತಾಲ್ಲೂಕಿನ ಊರು, ಎಂಜಿನಿಯರಿಂಗ್ ಕಾಲೇಜು ಇರುವುದು ಅಲ್ಲಿ. ಅದೇ ಸಂಸ್ಥೆಯ ವೈದ್ಯಕೀಯ ಕಾಲೇಜು ಇರುವುದು ಮಂಗಳೂರಿನ ಹೊರವಲಯದ ದೇರಳಕಟ್ಟೆಯಲ್ಲಿ. ಮೂಡುಬಿದಿರೆ, ಉಜಿರೆಗಳಲ್ಲಿ ನಡೆಯುವ ಸಮ್ಮೇಳನಗಳಿಗೆ ಹೊರ ರಾಜ್ಯಗಳ ಪ್ರತಿನಿಧಿಗಳು ಮಂಗಳೂರಿನವರೆಗೆ ಟಿಕೆಟ್ ಮಾಡಿಸುವುದು ಸಹಜ. ಆದರೆ ಮೂಡುಬಿದಿರೆ ಮಂಗಳೂರಿನಿಂದ ಸುಮಾರು 35 ಕಿ.ಮೀ. ದೂರದಲ್ಲಿದೆ. ಉಜಿರೆ ಇನ್ನೂ ದೂರ, ಅದು ಧರ್ಮಸ್ಥಳಕ್ಕೆ ಹತ್ತಿರದ ಊರು. ಇಂಥ ಕಡೆಗಳಿಗೆ ಮಂಗಳೂರಿನಲ್ಲಿ ತಂಗಿ ದಿನವೂ ಓಡಾಡುವುದು ವ್ಯರ್ಥ ಪ್ರಯಾಸ.

ಆದ್ದರಿಂದ ಸಂಸ್ಥೆಯ ಹೆಸರಿಗಿಂತ ಸಭಾಂಗಣದ ಹೆಸರು, ಊರು ಮತ್ತು ಪಿನ್‌ಕೋಡ್ ಮುಖ್ಯ. ಉದ್ಘಾಟನೆ ಒಂದೆಡೆ, ಗೋಷ್ಠಿಗಳು ಇನ್ನೊಂದೆಡೆ ಎಂದಿದ್ದರೆ ಹೆಚ್ಚು ದಿನಗಳು ಕಳೆಯುವ ಜಾಗವನ್ನೇ ವಸತಿಗೆ ಆಧಾರವಾಗಿ ಇಟ್ಟುಕೊಳ್ಳಬೇಕು.

ಎರಡು ನದಿಗಳ ನಡುವಿನ ನಗರ

ಮಂಗಳೂರು ನಗರದ ದಕ್ಷಿಣಕ್ಕೆ ನೇತ್ರಾವತಿ, ಉತ್ತರಕ್ಕೆ ಫಲ್ಗುಣಿ ಅಥವಾ ಗುರುಪುರ ನದಿ. ಇವೆರಡರ ನಡುವೆ ಹಳೆಯ ನಗರವಿದೆ. ಲಾಡ್ಜ್‌ಗಳು, ಉಪಾಹಾರ ಗೃಹಗಳು, ಮಂಗಳೂರು ಸೆಂಟ್ರಲ್ ರೈಲು ನಿಲ್ದಾಣ, ಬಿಜೈಯ ಕೆ.ಎಸ್‌.ಆರ್‌.ಟಿ.ಸಿ. ಬಸ್ ನಿಲ್ದಾಣ, ಸ್ಟೇಟ್‌ಬ್ಯಾಂಕ್ ಬಳಿಯ ಖಾಸಗಿ ಬಸ್ ನಿಲ್ದಾಣ ಎಲ್ಲವೂ ಈ ನಡುವಿನ ಭಾಗದಲ್ಲಿವೆ. ಆದರೆ ಕೊಣಾಜೆ ಮತ್ತು ದೇರಳಕಟ್ಟೆ ನೇತ್ರಾವತಿಯ ಆಚೆ ಇವೆ. ಸುರತ್ಕಲ್ ಮತ್ತು ಮುಕ್ಕ ಫಲ್ಗುಣಿಯ ಆಚೆ ಇವೆ. ಅಂದರೆ ಕೊಠಡಿಗಳು ನದಿಗಳ ನಡುವೆ, ದೊಡ್ಡ ವಿದ್ಯಾಸಂಸ್ಥೆಗಳಲ್ಲಿ ಹಲವು ನದಿಗಳ ಹೊರಗೆ.

ಇದರ ಪರಿಣಾಮವನ್ನು ಕಿಲೋಮೀಟರ್ ಲೆಕ್ಕದಿಂದ ಅಳೆಯಲು ಸಾಧ್ಯವಿಲ್ಲ. ನಗರದಿಂದ ದಕ್ಷಿಣಕ್ಕೆ ಹೋಗುವ ವಾಹನಗಳಲ್ಲಿ ಹೆಚ್ಚಿನವು ರಾಷ್ಟ್ರೀಯ ಹೆದ್ದಾರಿ 66ರ ನೇತ್ರಾವತಿ ಸೇತುವೆಯನ್ನು, ಉತ್ತರಕ್ಕೆ ಹೋಗುವವುಗಳಲ್ಲಿ ಹೆಚ್ಚಿನವು ಕೂಳೂರು ಸೇತುವೆಯನ್ನು ದಾಟುತ್ತವೆ. ಕೇರಳದತ್ತ ಸಾಗುವ ವಾಹನಗಳು, ಪಣಂಬೂರಿನ ನವಮಂಗಳೂರು ಬಂದರಿನ ಲಾರಿಗಳು, ಟ್ಯಾಂಕರ್‌ಗಳು ಇದೇ ಹೆದ್ದಾರಿಯನ್ನು ಅವಲಂಬಿಸಿವೆ. 2020ರ ಜನವರಿಯಲ್ಲಿ ಪಂಪ್‌ವೆಲ್ ಮೇಲ್ಸೇತುವೆ ಸಂಚಾರಕ್ಕೆ ತೆರೆದ ಬಳಿಕ ಆ ವೃತ್ತದ ಒತ್ತಡ ಒಂದಿಷ್ಟು ಇಳಿದಿದೆಯಾದರೂ ನಂತೂರು, ಕೂಳೂರುಗಳಲ್ಲಿ ಬೆಳಗಿನ ದಟ್ಟಣೆ ಮುಂದುವರಿದಿದೆ. ಕೂಳೂರಿನ ಹಳೆಯ ಸೇತುವೆಯ ದುರಸ್ತಿಗಾಗಿ ಸಂಚಾರಕ್ಕೆ ನಿರ್ಬಂಧ ವಿಧಿಸಿದ ಉದಾಹರಣೆಗಳೂ ಇವೆ.

ವಿಮಾನ ನಿಲ್ದಾಣವೂ ಇದಕ್ಕೆ ಹೊರತಲ್ಲ. ಬಜ್ಪೆಯ ವಿಮಾನ ನಿಲ್ದಾಣದಿಂದ ಕಾವೂರಿನ ಮಾರ್ಗವಾಗಿ ನಗರಕ್ಕೆ ಬರುವವರು ಮರವೂರಿನಲ್ಲಿ ಫಲ್ಗುಣಿಯನ್ನು ದಾಟುತ್ತಾರೆ. 2021ರ ಜೂನ್‌ನಲ್ಲಿ ಮರವೂರು ಸೇತುವೆ ಕುಸಿದಾಗ ವಾಹನಗಳು ಸುತ್ತುಬಳಸಿನ ದಾರಿ ಹಿಡಿಯಬೇಕಾಯಿತು. ಒಂದು ಸೇತುವೆ ಕೈಕೊಟ್ಟರೆ ಈ ನಗರದ ದಿನಚರಿಯೇ ಬದಲಾಗುತ್ತದೆ ಎಂಬುದಕ್ಕೆ ಅದೊಂದು ನಿದರ್ಶನ.

ಈ ಹಿನ್ನೆಲೆಯಲ್ಲಿ ವಸತಿಯ ಆಯ್ಕೆಗೆ ಒಂದು ಸರಳ ಸೂತ್ರವನ್ನು ಹೇಳಬಹುದು. ಸಾಧ್ಯವಾದಷ್ಟೂ ಸಭಾಂಗಣವಿರುವ ದಡದಲ್ಲಿಯೇ ತಂಗಬೇಕು. ಅದು ಸಾಧ್ಯವಾಗದಿದ್ದರೆ ದಾಟಬೇಕಾದ ಸೇತುವೆಗೆ ಹತ್ತಿರವಿರುವ ಬಡಾವಣೆಯನ್ನು ಆರಿಸಿಕೊಳ್ಳಬೇಕು.

ಕೊಣಾಜೆ, ದೇರಳಕಟ್ಟೆಯ ಕಡೆಗೆ

ಮಂಗಳಗಂಗೋತ್ರಿಯಲ್ಲಿ ಸಮ್ಮೇಳನವಿದ್ದರೆ ಮೊದಲು ವಿಚಾರಿಸಬೇಕಾದದ್ದು ಆವರಣದೊಳಗಿನ ಅತಿಥಿಗೃಹವನ್ನು. ಅಲ್ಲಿ ಕೊಠಡಿಗಳು ಸೀಮಿತ. ಉದ್ಘಾಟಕರು, ಸಂಪನ್ಮೂಲ ವ್ಯಕ್ತಿಗಳು ಮತ್ತು ಮೌಖಿಕ ಪರೀಕ್ಷೆಗೆ ಬರುವ ಪರೀಕ್ಷಕರಿಗೆ ಆದ್ಯತೆ ಸಲ್ಲುವುದರಿಂದ ಸಾಮಾನ್ಯ ಪ್ರತಿನಿಧಿಗೆ ಸಿಗುವ ಅವಕಾಶ ಕಡಿಮೆ. ಆದರೂ ಸಂಘಟನಾ ಕಾರ್ಯದರ್ಶಿಯ ಮೂಲಕ ಲಿಖಿತವಾಗಿ ಕೋರಿಕೆ ಸಲ್ಲಿಸುವುದರಲ್ಲಿ ನಷ್ಟವಿಲ್ಲ. ರಜಾ ಅವಧಿಯಾಗಿದ್ದರೆ ವಿದ್ಯಾರ್ಥಿನಿಲಯಗಳಲ್ಲಿ ತೆರವಾದ ಕೊಠಡಿಗಳನ್ನು ಸಂಶೋಧನಾ ವಿದ್ಯಾರ್ಥಿಗಳಿಗೆ ಒದಗಿಸುವ ಪದ್ಧತಿ ಹಲವು ವಿಶ್ವವಿದ್ಯಾನಿಲಯಗಳಲ್ಲಿದೆ. ಅದನ್ನೂ ಕೇಳಿ ನೋಡಬೇಕು.

ಆವರಣದಲ್ಲಿ ದೊರೆಯದಿದ್ದರೆ ದೇರಳಕಟ್ಟೆ ಮತ್ತು ತೊಕ್ಕೊಟ್ಟು ಮುಂದಿನ ಆಯ್ಕೆಗಳು. ತೊಕ್ಕೊಟ್ಟಿನಲ್ಲಿ ಹೆದ್ದಾರಿಯಿಂದ ತಿರುಗಿದರೆ ದೇರಳಕಟ್ಟೆ, ಅದನ್ನು ದಾಟಿದರೆ ಕೊಣಾಜೆ. ದೇರಳಕಟ್ಟೆಯಲ್ಲಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿರುವುದರಿಂದ ಅಲ್ಲಿನ ವಸತಿಗೃಹಗಳಿಗೆ ರೋಗಿಗಳ ಬಂಧುಗಳೇ ಮುಖ್ಯ ಗಿರಾಕಿಗಳು. ಅವರು ಎಷ್ಟು ದಿನ ಉಳಿಯುತ್ತಾರೆಂದು ಮೊದಲೇ ಹೇಳಲಾಗದ ಕಾರಣ ಕೊಠಡಿ ಕಾಯ್ದಿರಿಸಿದ್ದರೂ ಹಿಂದಿನ ದಿನ ದೂರವಾಣಿ ಮಾಡಿ ಖಚಿತಪಡಿಸಿಕೊಳ್ಳುವುದು ಒಳಿತು. ನದಿಯ ಈಚೆಯಾದರೆ ಕಂಕನಾಡಿ, ಪಂಪ್‌ವೆಲ್ ಪ್ರದೇಶ ಅನುಕೂಲಕರ. ಮುಂಬಯಿ ಮತ್ತು ಕೇರಳದ ನಡುವಿನ ಹಲವು ರೈಲುಗಳು ಸೆಂಟ್ರಲ್‌ಗೆ ಬಾರದೆ ಮಂಗಳೂರು ಜಂಕ್ಷನ್‌ನಲ್ಲಿ ಮಾತ್ರ ನಿಲ್ಲುತ್ತವೆ. ಆ ನಿಲ್ದಾಣವೂ ಪಂಪ್‌ವೆಲ್‌ಗೆ ಸಮೀಪ. ಕಾಸರಗೋಡಿನ ಕಡೆಯಿಂದ ಪ್ಯಾಸೆಂಜರ್ ರೈಲಿನಲ್ಲಿ ಬರುವವರಿಗೆ ತೊಕ್ಕೊಟ್ಟಿನ ಬಳಿಯೇ ಉಳ್ಳಾಲ ನಿಲ್ದಾಣವಿದೆ. ಆದರೆ ಎಲ್ಲ ರೈಲುಗಳೂ ಅಲ್ಲಿ ನಿಲ್ಲುವುದಿಲ್ಲ.

ಸುರತ್ಕಲ್ ಕಡೆಗೆ

1960ರಲ್ಲಿ ಕರ್ನಾಟಕ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜಾಗಿ ಆರಂಭವಾಗಿ 2002ರಲ್ಲಿ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯ ಸ್ಥಾನಮಾನ ಪಡೆದ ಎನ್‌.ಐ.ಟಿ.ಕೆ. ಇರುವುದು ಸುರತ್ಕಲ್ ಪೇಟೆಯಿಂದ ತುಸು ಉತ್ತರಕ್ಕೆ, ಶ್ರೀನಿವಾಸನಗರದಲ್ಲಿ. ಹೆದ್ದಾರಿ ಅದರ ಆವರಣವನ್ನು ಸೀಳಿಕೊಂಡು ಹೋಗುತ್ತದೆ. ಒಂದು ಬದಿಯಲ್ಲಿ ಕಡಲತೀರವೂ ಇದೆ. ಇಲ್ಲಿ ಅಂತರರಾಷ್ಟ್ರೀಯ ಸಮ್ಮೇಳನಗಳು ನಡೆದಾಗ ಸಂಸ್ಥೆಯ ಅತಿಥಿಗೃಹ ಬೇಗನೆ ಭರ್ತಿಯಾಗುತ್ತದೆ. ಸುರತ್ಕಲ್ ಪೇಟೆಯಲ್ಲಿ ಲಾಡ್ಜ್‌ಗಳಿದ್ದರೂ ಅವುಗಳ ಸಂಖ್ಯೆ ನಗರಕ್ಕೆ ಹೋಲಿಸಿದರೆ ಅಲ್ಪ.

ಪರ್ಯಾಯವಾಗಿ ಉತ್ತರಕ್ಕೆ ಮೂಲ್ಕಿಯ ಕಡೆ ನೋಡಬಹುದು. ಅಲ್ಲಿಂದ ಬರುವಾಗ ಕೂಳೂರಿನ ದಟ್ಟಣೆ ತಪ್ಪುತ್ತದೆ. ನಗರದಲ್ಲಿಯೇ ತಂಗುವುದಾದರೆ ಲೇಡಿಹಿಲ್, ಉರ್ವ, ಕೊಟ್ಟಾರದ ಸುತ್ತಮುತ್ತ ಹುಡುಕುವುದು ಲೇಸು. ಬೆಳಿಗ್ಗೆ ಹಂಪನಕಟ್ಟೆಯಿಂದ ಹೊರಟು ನಗರದ ಒಳ ದಟ್ಟಣೆಯನ್ನೂ ಹೆದ್ದಾರಿಯ ದಟ್ಟಣೆಯನ್ನೂ ಒಟ್ಟಿಗೆ ಎದುರಿಸುವ ಅಗತ್ಯ ಆಗ ಬರುವುದಿಲ್ಲ. ಸುರತ್ಕಲ್‌ನಲ್ಲಿ ಕೊಂಕಣ ರೈಲ್ವೆಯ ನಿಲ್ದಾಣವಿದೆ. ಟಿಕೆಟ್ ಮಾಡಿಸುವ ಮುನ್ನ ತಾವು ಬರುವ ರೈಲಿಗೆ ಅಲ್ಲಿ ನಿಲುಗಡೆ ಇದೆಯೇ ಎಂದು ನೋಡಿಕೊಂಡರೆ ನಗರಕ್ಕೆ ಹೋಗಿ ಮರಳಿ ಬರುವ ಪ್ರಯಾಸ ಉಳಿಯಬಹುದು. ಉಡುಪಿಯತ್ತ ಸಾಗುವ ಎಕ್ಸ್‌ಪ್ರೆಸ್ ಬಸ್‌ಗಳು ಎಲ್ಲ ಕಡೆ ನಿಲ್ಲಿಸುವುದಿಲ್ಲ. ಹತ್ತುವ ಮೊದಲೇ ನಿರ್ವಾಹಕರನ್ನು ಕೇಳಬೇಕು.

ನಗರದೊಳಗಿನ ಸಮ್ಮೇಳನಗಳು

1880ರಲ್ಲಿ ಸ್ಥಾಪನೆಯಾದ ಸಂತ ಅಲೋಶಿಯಸ್, ಹಂಪನಕಟ್ಟೆಯ ವಿಶ್ವವಿದ್ಯಾನಿಲಯ ಕಾಲೇಜು, ಪುರಭವನ, ಎಂ.ಜಿ. ರಸ್ತೆಯ ಟಿ.ಎಂ.ಎ. ಪೈ ಸಮಾವೇಶ ಕೇಂದ್ರ ಮುಂತಾದೆಡೆ ನಡೆಯುವ ಕಾರ್ಯಕ್ರಮಗಳಿಗೆ ಬರುವವರಿಗೆ ಆಯ್ಕೆಗಳು ಹೆಚ್ಚು. ಹಂಪನಕಟ್ಟೆ, ಬಲ್ಮಠ, ಫಳ್ನೀರ್, ಕೊಡಿಯಾಲಬೈಲ್, ಬಿಜೈ ಇವೆಲ್ಲ ಆಟೊರಿಕ್ಷಾದಲ್ಲಿ ಬೇಗನೆ ತಲುಪಬಹುದಾದ ಬಡಾವಣೆಗಳು. ಆದರೆ ನಗರ ಏರುತಗ್ಗುಗಳಿಂದ ಕೂಡಿದೆ. ನಕ್ಷೆಯಲ್ಲಿ ಅರ್ಧ ಕಿಲೋಮೀಟರ್ ಎಂದು ಕಾಣುವ ದಾರಿ ಲೈಟ್‌ಹೌಸ್ ಹಿಲ್‌ನಂತಹ ಕಡೆ ಕಡಿದಾದ ಏರಾಗಿರುತ್ತದೆ. ಹಿರಿಯ ಪ್ರತಿನಿಧಿಗಳು ಮತ್ತು ಮಂಡಿನೋವಿನಿಂದ ಬಳಲುವವರು ಇದನ್ನು ಮೊದಲೇ ಪರಿಗಣಿಸಬೇಕು.

ರೈಲಿನಲ್ಲಿ ಬಂದು ಒಂದೇ ದಿನದಲ್ಲಿ ಮರಳುವವರಿಗೆ ಮಂಗಳೂರು ಸೆಂಟ್ರಲ್‌ನ ವಿಶ್ರಾಂತಿ ಕೊಠಡಿಗಳೂ ಒಂದು ಆಯ್ಕೆ. ಇವುಗಳನ್ನು ಖಚಿತಗೊಂಡ ಅಥವಾ ಆರ್‌.ಎ.ಸಿ. ಟಿಕೆಟಿನ ಪಿ.ಎನ್‌.ಆರ್. ಸಂಖ್ಯೆಯ ಆಧಾರದಲ್ಲಿ ಮುಂಚಿತವಾಗಿ ಕಾಯ್ದಿರಿಸಬಹುದು.

ಕೊಠಡಿಗಳು ಭರ್ತಿಯಾಗುವ ಕಾಲ

ಕರಾವಳಿಯಲ್ಲಿ ಸಮ್ಮೇಳನಗಳಿಗೆ ಪ್ರಶಸ್ತವಾದ ಕಾಲ ಅಕ್ಟೋಬರ್‌ನಿಂದ ಫೆಬ್ರುವರಿ. ಮಳೆ ನಿಂತಿರುತ್ತದೆ, ಬೇಸಿಗೆಯ ಸೆಕೆ ಇನ್ನೂ ಏರಿರುವುದಿಲ್ಲ. ಆದರೆ ಇದೇ ಕಾರಣಕ್ಕೆ ಉಳಿದೆಲ್ಲ ಸಮಾರಂಭಗಳೂ ಇದೇ ಕಾಲವನ್ನು ಆರಿಸಿಕೊಳ್ಳುತ್ತವೆ. ನವರಾತ್ರಿಯಲ್ಲಿ ಕುದ್ರೋಳಿ ಗೋಕರ್ಣನಾಥ ಕ್ಷೇತ್ರದ ಮಂಗಳೂರು ದಸರಾ, ಡಿಸೆಂಬರ್‌ನಲ್ಲಿ ಕ್ರಿಸ್‌ಮಸ್ ಮತ್ತು ಕೊಲ್ಲಿ ರಾಷ್ಟ್ರಗಳಿಂದ ಊರಿಗೆ ಬರುವವರ ಮದುವೆಗಳು, ವರ್ಷಾಂತ್ಯದ ಪ್ರವಾಸಿಗರು, ಮೂಡುಬಿದಿರೆಯ ಆಳ್ವಾಸ್ ವಿರಾಸತ್, ಕಂಬಳಗಳು ಹೀಗೆ ಪಟ್ಟಿ ಬೆಳೆಯುತ್ತದೆ. ಕಾರ್ತಿಕ ಮಾಸದ ಲಕ್ಷದೀಪೋತ್ಸವದ ದಿನಗಳಲ್ಲಿ ಧರ್ಮಸ್ಥಳ, ಉಜಿರೆಗಳಲ್ಲಿ ಕೊಠಡಿ ಸಿಗುವುದು ದುಸ್ತರ. ಮಣಿಪಾಲದಲ್ಲಿ ಸಾಮಾನ್ಯವಾಗಿ ನವೆಂಬರ್‌ನಲ್ಲಿ ನಡೆಯುವ ಘಟಿಕೋತ್ಸವಕ್ಕೆ ಪದವೀಧರರ ಪಾಲಕರು ದೇಶದ ನಾನಾ ಕಡೆಗಳಿಂದ ಬಂದಿಳಿಯುತ್ತಾರೆ. ಉಡುಪಿಯಲ್ಲಿ ಎರಡು ವರ್ಷಗಳಿಗೊಮ್ಮೆ ಜನವರಿ 18ರಂದು ಪರ್ಯಾಯೋತ್ಸವ ನಡೆಯುತ್ತದೆ. 2026ರಲ್ಲಿ ಅದು ನಡೆದಿದ್ದು ಮುಂದಿನದು 2028ಕ್ಕೆ. ಆ ವಾರ ಉಡುಪಿ, ಮಣಿಪಾಲಗಳಲ್ಲಿ ಸಮ್ಮೇಳನ ಇಟ್ಟುಕೊಳ್ಳುವ ಸಂಘಟಕರು ಪ್ರತಿನಿಧಿಗಳನ್ನು ಪರೀಕ್ಷೆಗೆ ಒಡ್ಡಿದಂತೆಯೇ.

ಪ್ರಬಂಧ ಸ್ವೀಕೃತವಾದ ಪತ್ರ ಕೈಸೇರುವವರೆಗೆ ಕೊಠಡಿ ಕಾಯ್ದಿರಿಸಲು ಹಲವರು ಹಿಂಜರಿಯುತ್ತಾರೆ. ರದ್ದುಪಡಿಸಿದರೆ ಹಣ ಮರಳುವ ಷರತ್ತಿನ ಕೊಠಡಿಯನ್ನು ಪ್ರಬಂಧ ಕಳುಹಿಸಿದ ದಿನವೇ ಹಿಡಿದಿಟ್ಟುಕೊಳ್ಳುವುದು ಇದಕ್ಕೆ ಪರಿಹಾರ. ಆದರೆ ಪ್ರಬಂಧ ತಿರಸ್ಕೃತವಾದರೆ ಅದೇ ದಿನ ರದ್ದುಪಡಿಸುವ ಸೌಜನ್ಯವೂ ಬೇಕು.

ದಿನದ ಲೆಕ್ಕ, ತೆರಿಗೆಯ ಲೆಕ್ಕ

ಬೆಂಗಳೂರಿನಿಂದ ರಾತ್ರಿ ಹೊರಡುವ ಬಸ್‌ಗಳು ಮಂಗಳೂರು ತಲುಪುವುದು ಬೆಳಗಿನ ಜಾವ. ದೊಡ್ಡ ಹೋಟೆಲ್‌ಗಳಲ್ಲಿ ದಿನ ಆರಂಭವಾಗುವುದು ಮಧ್ಯಾಹ್ನ ಹನ್ನೆರಡಕ್ಕೆ ಅಥವಾ ಅದರ ನಂತರ. ಬೆಳಿಗ್ಗೆ ಆರಕ್ಕೆ ಬಂದವರಿಂದ ಅವು ಹೆಚ್ಚುವರಿ ಬಾಡಿಗೆ ಕೇಳಬಹುದು. ಹಳೆಯ ಮಾದರಿಯ ಹಲವು ಲಾಡ್ಜ್‌ಗಳಲ್ಲಿ 24 ಗಂಟೆಯ ಪದ್ಧತಿ ಇದೆ. ಬೆಳಿಗ್ಗೆ ಆರಕ್ಕೆ ಪ್ರವೇಶಿಸಿದರೆ ಮರುದಿನ ಆರರವರೆಗೆ ಒಂದು ದಿನ. ಎರಡು ದಿನಗಳ ಸಮ್ಮೇಳನಕ್ಕೆ ಬಂದು ಎರಡನೆಯ ದಿನ ರಾತ್ರಿ ಬಸ್ ಹಿಡಿಯುವವರು ಈ ಪದ್ಧತಿಯನ್ನು ಗಮನಿಸಿದರೆ ಒಂದು ದಿನದ ಬಾಡಿಗೆಯೇ ಉಳಿಯಬಹುದು. ಕೊನೆಯ ದಿನ ಬೆಳಿಗ್ಗೆಯೇ ಕೊಠಡಿ ತೆರವು ಮಾಡಿ ಸಾಮಾನನ್ನು ಸಭಾಂಗಣದಲ್ಲಿ ಇರಿಸಲು ಅವಕಾಶವಿದೆಯೇ ಎಂದು ಸಂಘಟಕರನ್ನು ವಿಚಾರಿಸಬೇಕು.

ತೆರಿಗೆಯಲ್ಲಿಯೂ ಬದಲಾವಣೆಯಾಗಿದೆ. 2022ರ ಜುಲೈ 18ಕ್ಕೆ ಮೊದಲು ದಿನಕ್ಕೆ 1,000 ರೂ.ವರೆಗಿನ ಕೊಠಡಿಗಳಿಗೆ ಜಿ.ಎಸ್‌.ಟಿ. ಇರಲಿಲ್ಲ. ಆ ದಿನದಿಂದ ಅವುಗಳಿಗೂ ಶೇ. 12ರ ತೆರಿಗೆ ಬಂತು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂ.ವರೆಗಿನ ಕೊಠಡಿಗಳ ತೆರಿಗೆಯನ್ನು ಶೇ. 5ಕ್ಕೆ ಇಳಿಸಲಾಗಿದೆ. 2,000 ರೂ. ಬಾಡಿಗೆಗೆ ಹಿಂದೆ 240 ರೂ. ತೆರಿಗೆ ತೆರಬೇಕಿದ್ದರೆ ಈಗ 100 ರೂ. ಸಾಕು. ಬಿಲ್ಲಿನಲ್ಲಿ ಹಳೆಯ ದರ ಹಾಕಿದ್ದರೆ ಪ್ರಶ್ನಿಸಬಹುದು.

ಪ್ರಯಾಣ ಭತ್ಯೆ ಪಡೆಯುವವರು ತಮ್ಮ ಮಿತಿಯನ್ನು ಮೊದಲೇ ತಿಳಿದಿರಬೇಕು. ಕೇಂದ್ರ ಸರ್ಕಾರದ 2017ರ ಆದೇಶದಂತೆ ವೇತನ ಶ್ರೇಣಿಯ 9ರಿಂದ 11ನೇ ಹಂತದವರಿಗೆ ಹೋಟೆಲ್ ವೆಚ್ಚದ ಮರುಪಾವತಿ ದಿನಕ್ಕೆ 2,250 ರೂ.ವರೆಗೆ, 12 ಮತ್ತು 13ನೇ ಹಂತದವರಿಗೆ 4,500 ರೂ.ವರೆಗೆ. ಇದಕ್ಕೆ ಸಂಸ್ಥೆಯ ಹೆಸರು, ಜಿ.ಎಸ್‌.ಟಿ. ಸಂಖ್ಯೆ, ತಂಗಿದ ದಿನಗಳು ನಮೂದಾಗಿರುವ ಬಿಲ್ಲು ಅಗತ್ಯ. ಬಿಳಿ ಹಾಳೆಯ ಚೀಟಿಯನ್ನು ಲೆಕ್ಕಪತ್ರ ವಿಭಾಗ ಮಾನ್ಯ ಮಾಡುವುದಿಲ್ಲ.

ಭತ್ಯೆಯೇ ಇಲ್ಲದವರ ಲೆಕ್ಕ ಬೇರೆ. ಕಿರಿಯ ಸಂಶೋಧನಾ ಶಿಷ್ಯವೇತನ 2023ರ ಜನವರಿಯಿಂದ ತಿಂಗಳಿಗೆ 37,000 ರೂ.ಗೆ ಏರಿದೆ. ಆದರೆ ಅದು ಸ್ಪರ್ಧಾ ಪರೀಕ್ಷೆಯಲ್ಲಿ ಆಯ್ಕೆಯಾದ ಕೆಲವರಿಗೆ ಮಾತ್ರ. ಕೇಂದ್ರೀಯ ವಿಶ್ವವಿದ್ಯಾನಿಲಯಗಳಲ್ಲಿ ಎನ್‌.ಇ.ಟಿ. ಇಲ್ಲದೆ ಪಿಎಚ್‌.ಡಿ. ಮಾಡುವವರಿಗೆ ಸಿಗುವುದು ತಿಂಗಳಿಗೆ 8,000 ರೂ. ಯಾವ ಶಿಷ್ಯವೇತನವೂ ಇಲ್ಲದೆ ಸಂಶೋಧನೆ ನಡೆಸುವವರು ಇನ್ನೂ ಅನೇಕರಿದ್ದಾರೆ. ಕೊಠಡಿಗೆ ದಿನಕ್ಕೆ 1,500 ರೂ. ಎಂದು ಇಟ್ಟುಕೊಂಡರೂ ಮೂರು ರಾತ್ರಿಗಳಿಗೆ ತೆರಿಗೆ ಸೇರಿ 4,725 ರೂ. ಆಗುತ್ತದೆ. 8,000 ರೂ. ಪಡೆಯುವವರಿಗೆ ಇದು ತಿಂಗಳ ಆದಾಯದ ಅರ್ಧಕ್ಕಿಂತ ಹೆಚ್ಚು. ನೋಂದಣಿ ಶುಲ್ಕ, ರೈಲು ದರ, ಊಟ ಇದರ ಮೇಲೆ. ಇಬ್ಬರು ಒಂದು ಕೊಠಡಿಯನ್ನು ಹಂಚಿಕೊಂಡರೆ ಈ ಹೊರೆ ಅರ್ಧಕ್ಕೆ ಇಳಿಯುತ್ತದೆ. ಆದರೆ ಪರಸ್ಪರ ಪರಿಚಯವಿಲ್ಲದ ಸಂಶೋಧಕರನ್ನು ಜೊತೆಗೂಡಿಸಲು ಸಂಘಟಕರ ನೆರವು ಬೇಕು.

ಒಂಟಿಯಾಗಿ ಬರುವವರು

ಒಂಟಿಯಾಗಿ ಬರುವವರಿಗೆ ಕೊಠಡಿ ಕೊಡಲು ಕೆಲವು ಲಾಡ್ಜ್‌ಗಳು ಹಿಂದೇಟು ಹಾಕುತ್ತವೆ. ಕ್ಷೇತ್ರಗಳ ವಸತಿಗೃಹಗಳಲ್ಲಿಯೂ ಇಂಥ ರೂಢಿ ಹಲವೆಡೆ ಇದೆ. ಅದೇ ಜಿಲ್ಲೆಯ ವಿಳಾಸವಿರುವ ಗುರುತಿನ ಚೀಟಿ ತೋರಿಸಿದರೆ ಕೊಠಡಿ ನಿರಾಕರಿಸುವ ಪದ್ಧತಿಯೂ ಕೆಲವೆಡೆ ಇದೆ. ಸುಳ್ಯದಿಂದಲೋ ಬೆಳ್ತಂಗಡಿಯಿಂದಲೋ ಬಂದ ಸಂಶೋಧಕಿ ರಾತ್ರಿ ಒಂಬತ್ತಕ್ಕೆ ಲಾಡ್ಜಿನ ಬಾಗಿಲಲ್ಲಿ ಈ ಮಾತು ಕೇಳಬೇಕಾದ ಸ್ಥಿತಿ ಬರಬಾರದು. ಆದ್ದರಿಂದ ಕಾಯ್ದಿರಿಸುವಾಗಲೇ ತಾನೊಬ್ಬಳೇ ಬರುವುದನ್ನೂ ಗುರುತಿನ ಚೀಟಿಯಲ್ಲಿರುವ ಊರನ್ನೂ ತಿಳಿಸಿ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಬೇಕು. ಸಮ್ಮೇಳನದ ಆಹ್ವಾನ ಪತ್ರದ ಪ್ರತಿ ಜೊತೆಗಿದ್ದರೆ ಮಾತುಕತೆ ಸುಲಭವಾಗುತ್ತದೆ. ಗುರುತಿಗಾಗಿ ಆಧಾರ್ ಪ್ರತಿ ಕೊಡುವುದಾದರೆ ಕೊನೆಯ ನಾಲ್ಕು ಅಂಕಿಗಳು ಮಾತ್ರ ಕಾಣುವ ಪ್ರತಿಯನ್ನು ಬಳಸಬಹುದು.

ಬಸ್ಸಿನ ಸಂಗತಿಯೂ ಮುಖ್ಯ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಂತೆ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್‌ಗಳಲ್ಲಿ ಪ್ರಯಾಣ ಉಚಿತ. ಆದರೆ ಮಂಗಳೂರಿನ ನಗರ ಸಾರಿಗೆಯಲ್ಲಿ ಖಾಸಗಿ ಬಸ್‌ಗಳದೇ ಪ್ರಾಬಲ್ಯ. ಕೊಣಾಜೆ, ಸುರತ್ಕಲ್ ಮಾರ್ಗಗಳಲ್ಲಿ ದಿನವಿಡೀ ಬಸ್‌ಗಳಿದ್ದರೂ ಅವುಗಳಲ್ಲಿ ಹೆಚ್ಚಿನವು ಖಾಸಗಿ, ಅಲ್ಲಿ ಟಿಕೆಟ್ ಕೊಳ್ಳಬೇಕು. ಬೆಂಗಳೂರು, ಮೈಸೂರುಗಳ ಅಭ್ಯಾಸದಿಂದ ಬರುವವರು ಈ ಖರ್ಚನ್ನು ಸೇರಿಸಿಕೊಳ್ಳಬೇಕು. ರಾತ್ರಿ ಒಂಬತ್ತರ ಬಳಿಕ ಈ ಬಸ್‌ಗಳು ವಿರಳವಾಗುತ್ತವೆ. ಸಾಂಸ್ಕೃತಿಕ ಕಾರ್ಯಕ್ರಮ, ಯಕ್ಷಗಾನ, ಭೋಜನ ಮುಗಿಯುವ ಹೊತ್ತಿಗೆ ಕೊನೆಯ ಬಸ್ ಹೊರಟುಹೋಗಿರಬಹುದು. ಸಭಾಂಗಣದಿಂದ ವಸತಿಗೆ ಕೊನೆಯ ಬಸ್ ಎಷ್ಟು ಗಂಟೆಗೆ ಎಂಬುದು ಬಾಡಿಗೆ ಎಷ್ಟು ಎಂಬುದರಷ್ಟೇ ಮುಖ್ಯವಾದ ಪ್ರಶ್ನೆ.

ವಿದೇಶಿ ಪ್ರತಿನಿಧಿಗಳು

ವಿದೇಶಿ ಅತಿಥಿ ತಂಗಿದ 24 ಗಂಟೆಯೊಳಗೆ ಆ ಮಾಹಿತಿಯನ್ನು ವಿದೇಶಿಯರ ನೋಂದಣಿ ಅಧಿಕಾರಿಗೆ ಸಲ್ಲಿಸುವುದು ವಸತಿ ಒದಗಿಸಿದವರ ಕರ್ತವ್ಯ. 2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದಿರುವ ವಲಸೆ ಮತ್ತು ವಿದೇಶಿಯರ ಕಾಯ್ದೆಯ ವ್ಯವಸ್ಥೆಯಲ್ಲಿಯೂ ಈ ಹೊಣೆ ಮುಂದುವರಿದಿದೆ. ಈ ಕ್ರಮ ತಿಳಿಯದ ಅಥವಾ ಅದರ ಗೋಜು ಬೇಡವೆನ್ನುವ ಸಣ್ಣ ಲಾಡ್ಜ್‌ಗಳು ವಿದೇಶಿಯರನ್ನು ವಾಪಸ್ ಕಳುಹಿಸುವುದುಂಟು. ವಿಶ್ವವಿದ್ಯಾನಿಲಯದ ಅತಿಥಿಗೃಹದಲ್ಲಿಯೋ ಪ್ರಾಧ್ಯಾಪಕರ ಮನೆಯಲ್ಲಿಯೋ ಉಳಿಸಿದರೂ ಈ ಮಾಹಿತಿ ಸಲ್ಲಿಸಲೇಬೇಕು. ಆದ್ದರಿಂದ ವಿದೇಶಿ ಪ್ರತಿನಿಧಿಗಳ ವಸತಿಯನ್ನು ಅವರಿಗೇ ಬಿಡದೆ ಸಂಘಟಕರೇ ನಿಗದಿಪಡಿಸುವುದು ಕ್ಷೇಮ.

ಮಳೆ ಮತ್ತು ಘಾಟಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಕೊಠಡಿಗಳು ಸುಲಭವಾಗಿ, ಕೆಲವೊಮ್ಮೆ ಕಡಿಮೆ ದರಕ್ಕೆ ಸಿಗುತ್ತವೆ. ಆದರೆ ಊರು ತಲುಪುವುದೇ ಅನಿಶ್ಚಿತ. ಬೆಂಗಳೂರಿನ ಕಡೆಯಿಂದ ಬರುವವರಿಗೆ ಶಿರಾಡಿ ಘಾಟಿಯ ಹೆದ್ದಾರಿ ಮತ್ತು ಸಕಲೇಶಪುರ–ಸುಬ್ರಹ್ಮಣ್ಯ ರೈಲು ಮಾರ್ಗ ಎರಡೂ ಭೂಕುಸಿತದ ಪ್ರದೇಶಗಳು. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ ಬಳಿ ಗುಡ್ಡ ಕುಸಿದು ಹಲವು ದಿನ ರೈಲು ಸಂಚಾರ ಸ್ಥಗಿತಗೊಂಡಿತ್ತು. ಭಾರಿ ಮಳೆಯ ಮುನ್ಸೂಚನೆ ಇದ್ದಾಗ ಜಿಲ್ಲಾಡಳಿತ ಶಾಲಾ ಕಾಲೇಜುಗಳಿಗೆ ರಜೆ ಘೋಷಿಸುವುದೂ ಸಾಮಾನ್ಯ. ಆಗ ಕಾರ್ಯಕ್ರಮವೇ ಮುಂದೂಡಲ್ಪಡಬಹುದು. ಮಳೆಗಾಲದಲ್ಲಿ ರದ್ದತಿಗೆ ಹಣ ಮರಳದ ಅಗ್ಗದ ಕೊಠಡಿಗಿಂತ ತುಸು ದುಬಾರಿಯಾದರೂ ಹಣ ಮರಳುವ ಕೊಠಡಿಯೇ ಲಾಭಕರ. ಒಂದು ದಿನ ಮೊದಲೇ ತಲುಪುವಂತೆ ಪ್ರಯಾಣ ನಿಗದಿಪಡಿಸಿದರೆ ಪ್ರಬಂಧ ಮಂಡನೆಯ ಅವಕಾಶ ತಪ್ಪದು.

ಸಂಘಟಕರ ಹೊಣೆ

ಇಷ್ಟೆಲ್ಲ ವಿವರಗಳನ್ನು ದೂರದ ಕಲಬುರಗಿಯಿಂದಲೋ ಬೀದರ್‌ನಿಂದಲೋ ಮೊದಲ ಬಾರಿಗೆ ಬರುವ ಸಂಶೋಧನಾ ವಿದ್ಯಾರ್ಥಿ ತಾನೇ ಹುಡುಕಿಕೊಳ್ಳಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಸ್ಥಳೀಯರಾದ ಸಂಘಟಕರಿಗೆ ಇವೆಲ್ಲ ದಿನನಿತ್ಯದ ತಿಳಿವಳಿಕೆ. ಅದನ್ನು ಒಂದು ಪುಟದಲ್ಲಿ ಬರೆದು ಆಮಂತ್ರಣದೊಂದಿಗೆ ಕಳುಹಿಸಲು ಹಣ ಬೇಕಿಲ್ಲ. ಸಭಾಂಗಣದ ನಿಖರ ವಿಳಾಸ, ಇಳಿಯಬೇಕಾದ ನಿಲ್ದಾಣ, ನದಿಯ ಯಾವ ಬದಿಯಲ್ಲಿ ತಂಗಬೇಕು, ಕೊನೆಯ ಬಸ್ಸಿನ ವೇಳೆ, ಒಂಟಿಯಾಗಿ ಬರುವವರಿಗೆ ಕೊಠಡಿ ಕೊಡುವ ಐದಾರು ವಸತಿಗೃಹಗಳ ದೂರವಾಣಿ ಸಂಖ್ಯೆ ಇಷ್ಟಿದ್ದರೆ ಸಾಕು. ಕೊಠಡಿ ಹಂಚಿಕೊಳ್ಳಲು ಇಚ್ಛಿಸುವವರ ಪಟ್ಟಿಯನ್ನು ನೋಂದಣಿ ಅರ್ಜಿಯಲ್ಲಿಯೇ ಕೇಳಿ ತಯಾರಿಸಬಹುದು. ಅತಿಥಿಗೃಹದ ಕೆಲವು ಕೊಠಡಿಗಳನ್ನಾದರೂ ಭತ್ಯೆಯಿಲ್ಲದ ಸಂಶೋಧಕರಿಗೆ ಮೀಸಲಿಡಬಹುದು. 7,500 ರೂ.ವರೆಗೆ ಮರುಪಾವತಿ ಪಡೆಯಬಲ್ಲ ಹಿರಿಯರಿಗೆ ಆವರಣದ ಅಗ್ಗದ ಕೊಠಡಿಯನ್ನು ಕೊಟ್ಟು, ಏನೂ ಸಿಗದ ಕಿರಿಯರನ್ನು ಪೇಟೆಯ ದುಬಾರಿ ಲಾಡ್ಜಿಗೆ ಕಳುಹಿಸುವ ಈಗಿನ ರೂಢಿ ತಿರುಗುಮುರುಗಾಗಿದೆ.

ಮುಖ್ಯ ಗೋಷ್ಠಿಗಳನ್ನು ಸಂಜೆ ಐದರೊಳಗೆ ಮುಗಿಸುವುದು, ರಾತ್ರಿಯ ಕಾರ್ಯಕ್ರಮವಿದ್ದರೆ ಕಾಲೇಜಿನ ಬಸ್ಸನ್ನು ಪಂಪ್‌ವೆಲ್‌ವರೆಗಾದರೂ ಬಿಡುವುದು ಕೂಡ ಸಂಘಟಕರ ಕೈಯಲ್ಲಿದೆ. ಇಂಥ ವ್ಯವಸ್ಥೆ ಇರುವ ಕಡೆ ಹೊರ ಜಿಲ್ಲೆಗಳ ಕಿರಿಯರು, ಅದರಲ್ಲಿಯೂ ಮಹಿಳೆಯರು, ಧೈರ್ಯವಾಗಿ ಹೆಸರು ನೋಂದಾಯಿಸಬಲ್ಲರು. ಇಲ್ಲದ ಕಡೆ ಅವರ ಪ್ರಬಂಧದ ಸಾರಾಂಶ ಸ್ಮರಣ ಸಂಚಿಕೆಯಲ್ಲಿ ಅಚ್ಚಾಗಿ, ಮಂಡನೆಯ ವೇಳೆಗೆ ಅವರ ಹೆಸರಿನ ಮುಂದೆ 'ಗೈರು' ಎಂಬ ಗುರುತು ಬೀಳುತ್ತದೆ.